ಭಾವನ ಕಿವಿಗೆ ಬಿದ್ದ ಸದ್ದು

ನಮ್ಮ ಭಾವ ಕಲ್ಲಂಗಡಿ ಮಾರುವವರು. ಜಂಬದ ಕೋಳಿ ಅಂದರೆ ಅವರೇ. ಗಿರಾಕಿ ಯಾರಾದರೂ "ಸ್ವಲ್ಪ ಕೊಯ್ದು ತೋರ್ಸಪ್ಪ" ಅಂದರೆ ಸಾಕು, ಕೋಪ ಮೂಗಿನ ತುದಿಗೆ ಬರುತ್ತದೆ. ಹಣ್ಣನ್ನು ಕಿವಿಯ ಹತ್ತಿರ ಎತ್ತಿಕೊಂಡು, ಎರಡು ಬೆರಳಲ್ಲಿ ಬಡಿದು, "ತಗೊಂಡ್ಹೋಗಿ, ಒಳಗೆ ಕೆಂಪಗಿದೆ" ಎನ್ನುತ್ತಾರೆ. ಕೆಂಪಗೇ ಇರುತ್ತದೆ, ಅದು ಬೇರೆ ಮಾತು.

ಇಂಥ ಮನುಷ್ಯನಿಗೂ ನಡುಕ ಹುಟ್ಟಿದ್ದು ಅವರ ಅಣ್ಣ ನಿಂತ ನಿಲುವಿನಲ್ಲೇ ಕುಸಿದು ತೀರಿಹೋದಾಗ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳದ ಗೋಡೆಗೆ ಕೊಬ್ಬು ಮೆತ್ತಿಕೊಂಡಿತ್ತಂತೆ. ಯಾರಿಗೂ ಸುಳಿವೇ ಸಿಕ್ಕಿರಲಿಲ್ಲ. ಮುಂದೆ ತನ್ನ ಗಂಡನಿಗೂ ಹಾಗೇ ಆದರೆ ಎಂದು ಅಕ್ಕ ಅನ್ನ ನಿದ್ದೆ ಬಿಟ್ಟಳು. ಒಮ್ಮೆ ಆಸ್ಪತ್ರೆಯಲ್ಲಿ ತೋರಿಸಿ ಎಂದರೆ ಭಾವನೋ, "ಕೊಯ್ಯೋರ ಕೈಗೆ ನಾನು ಹೊಟ್ಟೆ ಕೊಡಲ್ಲ" ಎಂದು ಹಟ ಹಿಡಿದರು.

"ಯಾರೂ ಕೊಯ್ಯಲ್ಲ ಭಾವ. ಸದ್ದು ಬಿಟ್ಟು ನೋಡ್ತಾರೆ, ನಿಮ್ಮ ಹಾಗೇನೇ" ಅಂದೆ. ಆ ಮಾತಿಗೆ ಒಪ್ಪಿಕೊಂಡರು.

ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಆಸ್ಪತ್ರೆಯವರು ಸಾರಿ ಸಾರಿ ಹೇಳಿದ್ದರು. ಸ್ಕ್ಯಾನ್ ಕೋಣೆಯಲ್ಲಿ ಡಾಕ್ಟರಮ್ಮ ಭಾವನ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಅಂಗೈಯಷ್ಟಿದ್ದ ಸಾಧನವನ್ನು ಒತ್ತಿ ಒತ್ತಿ ಆಡಿಸಿದರು. ಹುಬ್ಬು ಗಂಟಿಕ್ಕಿತು.

"ಬರೀ ಗಾಳಿ. ಏನೂ ಕಾಣ್ತಿಲ್ಲ. ಏನ್ ತಿಂದ್ರಿ?"

"ಏನೂ ಇಲ್ಲಮ್ಮ... ಬೆಳಿಗ್ಗೆ ಗಾಡಿಯಿಂದ ಒಂದು ಹಣ್ಣು ಬಿದ್ದು ಒಡೆದುಹೋಯ್ತು. ಹಾಳು ಮಾಡಕ್ಕಾಗುತ್ತಾ?"

"ಪೂರ್ತಿ ಹಣ್ಣಾ?"

"ಅದೇನು ಊಟವೇನಮ್ಮ? ನೀರು!"

ನನಗೆ ಮೈಯೆಲ್ಲ ಉರಿಯಿತು. ಡಾಕ್ಟರಮ್ಮ ನಗು ತಡೆದುಕೊಂಡು ನಾಳೆ ಬರಲು ಹೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ನೀವು ತಿಂದಿದ್ದೀರಾ? ಇಲ್ಲಾಂದ್ರೆ ನಿಮ್ದೂ ನೋಡ್ಬಿಡ್ತೀನಿ" ಎಂದರು. ಪಾಪ, ಚಿಂತೆಯಲ್ಲಿ ಅವಳು ಗುಟುಕು ನೀರೂ ಕುಡಿದಿರಲಿಲ್ಲ.

"ನನಗ್ಯಾಕೆ? ಕಲ್ಲುಗುಂಡಿನ ಹಾಗಿದ್ದೀನಿ."

"ಮಲ್ಕೊಳ್ಳೇ, ಹೇಗೂ ಬಂದಿದ್ದೀವಿ" ಅಂದರು ಭಾವ.

ಪರದೆಯ ಮೇಲಿನ ಬೂದು ಮಬ್ಬಿನಲ್ಲಿ ಒಂದು ಕಪ್ಪು ದಾರಿ ತೆರೆದುಕೊಂಡಿತು. ಅದು ಮಿಡಿಯುತ್ತಿತ್ತು! ಹೃದಯದಿಂದ ಇಳಿದು ಬರುವ ದೊಡ್ಡ ರಕ್ತನಾಳ ಅದು ಎಂದರು. ಅಬ್ಬಬ್ಬಾ! ನನ್ನ ಜಡೆ ಹೆಣೆದವಳು, ಕಿವಿ ಹಿಂಡಿದವಳು, ನನ್ನ ಕಣ್ಣೆದುರೇ ಇದ್ದ ನಮ್ಮಕ್ಕನ ಒಳಗೆ ಇಂಥದ್ದೊಂದು ಸದ್ದಿಲ್ಲದೆ ದುಡಿಯುತ್ತಿತ್ತೇ? ಕತ್ತಿಯಿಲ್ಲ, ಒಂದು ಹನಿ ರಕ್ತವಿಲ್ಲ, ಆದರೂ ಒಳಗಿನದೆಲ್ಲ ಎದುರಿಗಿದೆ. ನನ್ನ ಮೈ ಜುಮ್ಮೆಂದಿತು. ಭಾವ ತೆರೆದ ಬಾಯಿ ಮುಚ್ಚಲಿಲ್ಲ.

ಡಾಕ್ಟರಮ್ಮನ ಕೈ ಒಂದು ಕಡೆ ನಿಂತಿತು. ನಾಳದ ಗೋಡೆಯಲ್ಲಿ ಬೆಳ್ಳಗೆ, ದಪ್ಪಗೆ ಏನೋ ಅಂಟಿಕೊಂಡಿತ್ತು.

"ಇಲ್ಲಿ ಕೊಬ್ಬು ಕಟ್ಟಿದೆ. ಹೆದರ್ಬೇಡಿ, ದಾರಿ ಇನ್ನೂ ಚೆನ್ನಾಗೇ ಇದೆ. ಮಾತ್ರೆ ತಗೊಂಡು, ಊಟದಲ್ಲಿ ಹಿಡಿತ ಇಟ್ಟು, ದಿನಾ ನಡೀಬೇಕು. ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು."

"ಇವಳಿಗಾ?" ಎಂದರು ಭಾವ. ನಾವೆಲ್ಲ ಅವರಿಗೆ ಏನಾಗುತ್ತದೋ ಎಂದು ಹೆದರಿದ್ದೆವು. ಅಕ್ಕನ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಭಾವ ಪರದೆಯತ್ತ ಬಾಗಿ ಕೇಳಿದರು: "ಸದ್ದಲ್ಲೇ ನೋಡೋದಂತಲ್ಲಮ್ಮ, ಆ ಸದ್ದು ನಮಗೂ ಕೇಳ್ಸುತ್ತಾ?"

"ನಾವು ಬಿಡೋ ಸದ್ದು ಕಿವಿಗೆ ಕೇಳಲ್ಲ. ರಕ್ತ ಹರಿಯೋದನ್ನ ಕೇಳಿಸ್ಬಹುದು" ಎಂದು ಡಾಕ್ಟರಮ್ಮ ಒಂದು ಗುಂಡಿ ಒತ್ತಿದರು. ಹುಶ್... ಹುಶ್... ಅಕ್ಕನ ರಕ್ತದ ಸದ್ದು ಕೋಣೆಯನ್ನೆಲ್ಲ ತುಂಬಿತು.

ಸದ್ದು ಅತ್ತ ಕಡೆಯ ಯಂತ್ರದಿಂದ ಬರುತ್ತಿದ್ದರೂ ಭಾವ ಕಿವಿ ಬಗ್ಗಿಸಿದ್ದು ಅಕ್ಕನ ಹತ್ತಿರ. ಅವರ ಕಣ್ಣು ತುಂಬಿತ್ತು.

"ಕಂಡ ಕಂಡ ಹಣ್ಣೆಲ್ಲ ಬಡಿದು ನೋಡ್ದೆ ಕಣೇ. ನಿನ್ನ ಒಂದು ದಿನಾನೂ ಕೇಳಿಸ್ಕೊಳ್ಲಿಲ್ಲ."

"ಬಡಿದಿದ್ರೆ ನಾನು ಸುಮ್ನಿರ್ತಿದ್ನಾ?" ಎಂದಳು ಅಕ್ಕ, ಮಲಗಿದಲ್ಲಿಂದಲೇ.

ಡಾಕ್ಟರಮ್ಮ ನಕ್ಕರು. "ನಾಳೆ ನಿಮ್ಮ ಸರದಿ. ಹಣ್ಣೂ ತಿನ್ಬಾರ್ದು."

"ಆಗ್ಲಮ್ಮ, ಏನೂ ಮುಟ್ಟಲ್ಲ" ಅಂದರು ಭಾವ, ತಲೆ ಎತ್ತದೆ. "ಇವಳದ್ದು ಇನ್ನೊಂದ್ಸಲ ಕೇಳ್ಸಿ."