ಕಪ್ಪು ಗ್ರಾನೈಟಿನ ವರ

ಮೊನ್ನೆ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಅಡುಗೆಕಟ್ಟೆಗೆ ಕಲ್ಲು ನೋಡಲು ಹೋಗಿದ್ದೆ. ಅಂಗಡಿಯ ಹಿಂದೆ ಕಲ್ಲು ಕೊಯ್ಯುತ್ತಿದ್ದರು. ಒದ್ದೆ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಒಬ್ಬ ಮನುಷ್ಯ ನೆನಪಾದ. ನೆನಪಿಡಲು ಯೋಗ್ಯನಲ್ಲ, ಆದರೆ ನೆನಪು ಯೋಗ್ಯತೆ ಕೇಳಿ ಬರುತ್ತದೆಯೇ, ನೀವೇ ಹೇಳಿ.

ಆಗ ನಾನು ಭೂವಿಜ್ಞಾನದಲ್ಲಿ ಬಿ.ಎಸ್ಸಿ. ಮುಗಿಸಿ ತಿಕೋಟಾದ ಮನೆಯಲ್ಲಿದ್ದೆ. ಅಪ್ಪನದು ಒಣದ್ರಾಕ್ಷಿ ವ್ಯಾಪಾರ. ಬಬಲೇಶ್ವರದಿಂದ ನನ್ನನ್ನು ನೋಡಲು ಒಬ್ಬ ವರ ತಾಯಿಯೊಂದಿಗೆ ಬಂದ. ಗ್ರಾನೈಟ್ ಅಂಗಡಿಯ ಮಾಲೀಕ. ಬಿಳಿ ಬೂಟು, ಕೊರಳಲ್ಲಿ ಎತ್ತು ಕಟ್ಟಬಹುದಾದಷ್ಟು ದಪ್ಪನೆಯ ಚೈನು. ಎಲ್ಲರೂ ಹಣ್ಣು ತಂದರೆ ಇವನು ಅಂಗೈಯಗಲದ ನುಣುಪಾದ ಕರಿಕಲ್ಲು ತಂದಿದ್ದ. ಅದನ್ನು ಅಪ್ಪನಿಗೆ ಪ್ರಸಾದದಂತೆ ಕೊಟ್ಟು, ನಮ್ಮ ಮನೆಯ ಕಲ್ಲುಗೋಡೆ ಕಂಡು ಮೂಗು ಮುರಿದ.

“ಈ ಹೊಲದ ಕಲ್ಲು ಒಂದು ಕಲ್ಲೇನ್ರಿ ಮಾವಾರ? ಇದು ಅಸಲಿ ಗ್ರಾನೈಟ್. ಬೆಣಚುಕಲ್ಲು ತುಂಬೇತಿ, ಅದಕ್ಕ ಇಷ್ಟು ಕಪ್ಪು.”

ಬೆಣಚುಕಲ್ಲು ಹೆಚ್ಚಾದಷ್ಟೂ ಕಲ್ಲಿನ ಬಣ್ಣ ತಿಳಿಯಾಗುತ್ತದೆ, ಕಪ್ಪಾಗುವುದಿಲ್ಲ. ‘ತಲಿ ತಗ್ಗಿಸಿ ಕುಂದರು’ ಎಂದು ಅವ್ವ ಹೇಳಿದ್ದಳು, ತಗ್ಗಿಸಿಯೇ ಕೂತಿದ್ದೆ. ಅವನು ಬಿಡಬೇಕಲ್ಲ!

“ನೀ ಕಲ್ಲಿನ ಬಗ್ಗೆ ಓದೀಯಂತಲ್ಲ, ಗ್ರಾನೈಟಿನ್ಯಾಗ ಏನೇನ ಇರತೈತಿ ಹೇಳು ನೋಡೋಣು.”

“ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕ ಇರತಾವ್ರಿ. ಆದ್ರ ನೀವು ತಂದದ್ದು ಗ್ರಾನೈಟ್ ಅಲ್ರಿ. ಇದರಾಗ ಸಿಲಿಕಾ ಕಮ್ಮಿ, ಕಬ್ಬಿಣ, ಮೆಗ್ನೀಷಿಯಂ ಜಾಸ್ತಿ. ನಮ್ಮ ಗ್ವಾಡಿ ಕಲ್ಲಿನ್ಯಾಗೂ ಅವೇ ಅದಾವ. ಅದು ಭೂಮಿ ಮ್ಯಾಲ ಲಗೂನ ಆರೇತಿ, ಇದು ಒಳಗ ಸಾವಕಾಶ ಆರೇತಿ. ಎರಡೂ ಅಣ್ಣತಮ್ಮರು.”

ಅವನು ಕಲ್ಲನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದ. “ಹುಡುಗಿಗೆ ಬಾಯಿ ಭಾಳ ಐತಿ, ನಡಿಯೋ,” ಎಂದರು ಅವನ ತಾಯಿ. ಅವಮಾನವಾಯಿತೆಂದು ಹೊರಟವರು ಅವ್ವ ಮಾಡಿದ್ದ ಚುರುಮುರಿ ಸುಸಲಾ ಮಾತ್ರ ತಾಟು ಒರೆಸಿ ತಿಂದೇ ಎದ್ದರು.

ಅವ್ವ ಅತ್ತಳು. ಕಲ್ಲಿನ ಸಲುವಾಗಿ ಸಂಬಂಧ ಮುರಿದವಳೆಂದು ಓಣಿಯಲ್ಲೆಲ್ಲ ಹೆಸರಾಗುತ್ತದೆಂದು ನನಗೂ ಒಳಗೊಳಗೇ ಪುಕುಪುಕು. ಸಂಜೆ ಅಪ್ಪ ನನ್ನನ್ನು ಕರೆದ.

“ಖರೇನ ಆ ಕಲ್ಲಿನ್ಯಾಗ ಅವ ಹೇಳಿದ್ದು ತುಂಬಿಲ್ಲೇನು?”

“ಇಲ್ಲಪ್ಪಾ.”

“ತಾ ಮಾರೋ ಮಾಲ ತನಗ ಗೊತ್ತಿಲ್ಲ. ಅಂಥವಗ ದ್ರಾಕ್ಷಿ ತೂಗಾಕೂ ಬಿಡೂದಿಲ್ಲ ನಾ, ಮಗಳನ್ನ ಕೊಡತೇನೇನು?” ಎಂದವನೇ ಅವ್ವನಿಗೆ ಚಹಾ ಇಡಲು ಹೇಳಿದ.

ಮೊನ್ನೆ ಅಂಗಡಿಯವನು ಕರಿಯ ಹಲಗೆಯೊಂದರ ಮೇಲೆ ನೀರು ಚೆಲ್ಲಿ ಒರೆಸಿದ. “ಅಸಲಿ ಗ್ರಾನೈಟ್ ನೋಡ್ರಿ ಅಕ್ಕಾರ!” ತಿದ್ದಲು ಬಾಯಿ ತೆರೆದೆ; ಆದರೆ ‘ಖರೇನ?’ ಎಂದು ಕೇಳುವ ಅಪ್ಪ ನೆನಪಾದ. ಅವನು ತೀರಿಕೊಂಡು ಎರಡು ವರ್ಷವಾಯಿತು. ಏನನ್ನೂ ತಿದ್ದದೆ ಕಟ್ಟೆಯ ಅಳತೆ ಹೇಳಿ ಬಂದೆ.