ಹಗುರ ಚಕ್ರ ಮತ್ತು ಅತ್ತೆಯ ಕವಾಯತು

ನನ್ನ ಅತ್ತೆ ಬಾಗಲಕೋಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತರಾಗಿ ಕಡಲಾಚೆಯ ಈ ಫ್ಲ್ಯಾಟ್ ಬುಷ್ ಬಡಾವಣೆಯ ನಮ್ಮ ಮನೆಗೆ ಬಂದು ನೆಲೆಸಿದರೂ ಅವರ ಸೀಟಿ ಮಾತ್ರ ನಿವೃತ್ತವಾಗಲಿಲ್ಲ. ಶನಿವಾರ ಬೆಳಿಗ್ಗೆ ಹತ್ತಿರದ ಪಾಪಟೋಟೊಯಿಯ ಒಂದು ಹಾಲ್‌ನಲ್ಲಿ ವಯಸ್ಸಾದ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದರು. ಗುಜರಾತಿ, ಪಂಜಾಬಿ, ಕನ್ನಡ ಅಂತ ಭೇದವಿಲ್ಲದೆ ಎಲ್ಲ ಆಂಟಿಯರೂ ಆ ಸೀಟಿಗೆ ಸಾಲಾಗಿ ನಿಲ್ಲುತ್ತಿದ್ದರು. ಅಲ್ಲಿಗೆ ಅತ್ತೆಯನ್ನು ಕರೆದೊಯ್ಯುವ ಕೆಲಸ ನನ್ನದು. ನಾನು ಒಂದು ಶನಿವಾರ ಡ್ಯೂಟಿಗೆ ಹೋದರೆ ಆ ದಿನ ತರಗತಿ ಇಲ್ಲ. ಹೀಗೆ ಯಾರದೋ ಪುರುಸೊತ್ತಿಗೆ ಕಾಯುವುದು ಅವರ ಜಾಯಮಾನಕ್ಕೆ ಒಗ್ಗಲಿಲ್ಲ. ಹಾಗಾಗಿ ಅರವತ್ತು ದಾಟಿದ ಮೇಲೆ ಕಾರು ಕಲಿಯಲು ಕೂತರು.

ಕಾರನ್ನೂ ಅವರು ಕವಾಯತಿನಂತೆಯೇ ಕಲಿತರು. ಕ್ಲಚ್ ಒತ್ತುವಾಗ "ಸಾವಧಾನ್!" ಬಿಡುವಾಗ "ವಿಶ್ರಾಮ್!" ಕಿಟಕಿ ತೆರೆದಿದ್ದರೆ ಅಕ್ಕಪಕ್ಕದ ಮನೆಯವರೂ ನೆಟ್ಟಗೆ ನಿಲ್ಲಬೇಕು, ಅಂಥ ದನಿ. ವಿಶ್ರಾಮ್ ಅಂದಕೂಡಲೇ ಎಡಗಾಲು ಪಟ್ಟನೆ ಮೇಲಕ್ಕೆ ಬರುತ್ತಿತ್ತು. ಕಾರು ಒಮ್ಮೆ ಕೆಮ್ಮಿ, ತಲೆ ಅಲ್ಲಾಡಿಸಿ, ಪಾಪ ಹೇಗೋ ಮುಂದೆ ಹೋಗುತ್ತಿತ್ತು.

ಆ ಕಾರು ನನ್ನದು. 'ನನ್ನದು' ಅನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳುತ್ತೇನೆ. ಇಲ್ಲಿ ಓದು ಮುಗಿಸಿ ಫಿಸಿಯೋಥೆರಪಿಸ್ಟ್ ಆಗಿ ಮೊದಲ ಕೆಲಸ ಸಿಕ್ಕಾಗ ಕೊಂಡ, ಎರಡು ಬಾಗಿಲಿನ ಕೆಂಪು ಜಪಾನಿ ಕಾರು. ನನ್ನ ಮದುವೆಗಿಂತ ಹಳೆಯದು. ಗೇರು ಬದಲಿಸುವ ಸುಖ ಗೊತ್ತಿಲ್ಲದವರಿಗೆ ಅದನ್ನು ವಿವರಿಸಿ ಪ್ರಯೋಜನವಿಲ್ಲ. ಗೊತ್ತಿಲ್ಲದವರಲ್ಲಿ ಮೊದಲಿಗರು ನನ್ನ ಗಂಡ. ಅವರದು ಸದ್ದೇ ಮಾಡದ, ಗೇರೂ ಕೇಳದ ಹೈಬ್ರಿಡ್ ಗಾಡಿ. ಶನಿವಾರವೂ ಏರ್‌ಪೋರ್ಟ್ ಬಳಿಯ ಕೆಲಸಕ್ಕೆ ಅದರಲ್ಲೇ ಹೋಗುತ್ತಾರೆ.

ಒಂದು ಶನಿವಾರ ಅತ್ತೆಯನ್ನು ತರಗತಿಗೆ ಕರೆದೊಯ್ಯುವಾಗ ಏರಿನಲ್ಲಿ ಎಂಜಿನ್ ಜೋರಾಗಿ ಕೂಗಿತು, ಕಾರು ಮಾತ್ರ ಮುಂದಕ್ಕೆ ಹೋಗಲಿಲ್ಲ. ಸುಟ್ಟ ವಾಸನೆ ಬೇರೆ.

"ಹೆಡ್ ಮಾಸ್ತರ ಒದರಿದರೂ ಹುಡುಗ್ಯಾರು ಏಳವಲ್ರಲ್ಲ, ಹಂಗಾಗೇತಿ ನೋಡು," ಅಂದರು ಅತ್ತೆ.

ಹೇಗೋ ತೆವಳಿಸಿಕೊಂಡು ಪಾಪಟೋಟೊಯಿ ತಲುಪಿ, ತರಗತಿ ಮುಗಿದ ಮೇಲೆ ನನ್ನ ಮೆಕ್ಯಾನಿಕ್ ಬಳಿ ಹೋದೆವು. ಫಿಜಿಯ ಹಿಂದಿ ಮಾತಾಡುವ ನಗುಮೊಗದ ಮನುಷ್ಯ. ಕಾರನ್ನು ಒಂದು ಸುತ್ತು ಓಡಿಸಿ ಬಂದು, ಕ್ಲಚ್ ಸವೆದುಹೋಗಿದೆ, ಹೊಸದು ಹಾಕಲೇಬೇಕು ಅಂದರು. ಏರಿನಲ್ಲಿ ನಿಂತಾಗ ಬ್ರೇಕ್ ಬಿಟ್ಟು ಬರೀ ಕ್ಲಚ್ಚಿನ ಮೇಲೆ ಗಾಡಿ ಹಿಡಿಯುವವರು ನಿಮ್ಮಲ್ಲಿ ಯಾರು ಎಂದೂ ಕೇಳಿದರು. ಅತ್ತೆಯ ತೋರುಬೆರಳು ಕ್ಷಣವೂ ತಡವಿಲ್ಲದೆ ನನ್ನ ಕಡೆ ತಿರುಗಿತು. ಅದು ನಿಜ. ರಾಣೆಬೆನ್ನೂರಿನ ಡ್ರೈವಿಂಗ್ ಸ್ಕೂಲಿನಲ್ಲಿ 'ಹಾಫ್ ಕ್ಲಚ್' ಹಿಡಿಯುವುದೇ ದೊಡ್ಡ ವಿದ್ಯೆ ಎಂದು ಕಲಿಸಿದ್ದರು. ಗಾಡಿಯನ್ನು ಹಿಂದೂ ಬಿಡದೆ ಮುಂದೂ ಬಿಡದೆ ಒಂದೇ ಕಾಲಲ್ಲಿ ತೂಗಿಸಿ ನಿಲ್ಲಿಸುವ ಆ ವಿದ್ಯೆಯ ಬಗ್ಗೆ ನನಗೆ ಬಹಳ ಜಂಬವಿತ್ತು.

ಆಮೇಲೆ ಮೆಕ್ಯಾನಿಕ್ ನನ್ನ ಆಸೆಗೆ ಕಿಚ್ಚು ಹಚ್ಚುವ ಮಾತೊಂದನ್ನು ಹೇಳಿದರು. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಹೇಗೂ ಕೆಳಗಿಳಿಸಬೇಕು. ಅದರ ಹಿಂದೆಯೇ ಇರುವ ಫ್ಲೈವೀಲನ್ನೂ ಬದಲಿಸುವುದಾದರೆ ಇದೇ ಸಮಯ, ಹಗುರವಾದದ್ದು ಹಾಕೋಣವೇ?

ಫ್ಲೈವೀಲ್ ಎಂದರೆ ಎಂಜಿನ್ನಿನ ಜೊತೆ ತಿರುಗುವ ಭಾರದ ಕಬ್ಬಿಣದ ಚಕ್ರ. ಬೀಸುವ ಕಲ್ಲು ಇದ್ದ ಹಾಗೆ. ಕಲ್ಲು ಭಾರವಿದ್ದರೆ ಕೈ ಒಂದು ಗಳಿಗೆ ಸೋತರೂ ಅದು ತಾನಾಗಿ ತಿರುಗುತ್ತದೆ, ಆದರೆ ವೇಗ ಹಿಡಿಯಲು ಹೊತ್ತು ಬೇಕು. ಹಗುರ ಚಕ್ರ ಹಾಕಿದರೆ ಕಾಲು ಸೋಕಿದರೆ ಸಾಕು, ಎಂಜಿನ್ ಚಂಗನೆ ಏಳುತ್ತದೆ. ವರ್ಷಗಳಿಂದ ನಾನು ವಿಡಿಯೋಗಳಲ್ಲಿ ನೋಡಿ ಬಾಯಿ ಚಪ್ಪರಿಸುತ್ತಿದ್ದದ್ದು ಇದನ್ನೇ. ನಾನು ಹೂಂ ಅನ್ನುವಷ್ಟರಲ್ಲಿ ಅವರು ಅತ್ತೆಯ ಕಡೆ ನೋಡಿ, ಆಂಟಿಯ ಟೆಸ್ಟ್ ಯಾವಾಗ ಎಂದರು. ಮುಂದಿನ ತಿಂಗಳು ಎಂದೆ. ಹಾಗಾದರೆ ಯೋಚಿಸಿ, ಹಗುರ ಚಕ್ರದ ಗಾಡಿ ಹೊರಡುವಾಗ ಬೇಗ ಆಫ್ ಆಗುತ್ತದೆ, ಹೊಸದಾಗಿ ಕಲಿಯುವವರಿಗೆ ಕಷ್ಟ, ಆದರೆ ಅಸಾಧ್ಯವೇನಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಒಳಗೆ ಹೋದರು.

ಆ ರಾತ್ರಿ ರೊಟ್ಟಿ ತಟ್ಟುತ್ತಲೇ ನಮ್ಮ ಮನೆಯ ಸಭೆ ನಡೆಯಿತು. ಎತ್ತು ಏರಿಗೆ, ಕೋಣ ನೀರಿಗೆ.

"ಆ ಡಬ್ಬಾ ಮಾರಿಬಿಡೂಣು," ಅಂದರು ಗಂಡ. "ಅವ್ವ ನನ್ನ ಗಾಡ್ಯಾಗ ಟೆಸ್ಟ್ ಕೊಡ್ಲಿ. ಕ್ಲಚ್ಚೂ ಇಲ್ಲ, ಕಿರಿಕಿರೀನೂ ಇಲ್ಲ."

"ನಿನ್ನ ಗಾಡಿ ಚಾಲೂ ಆಗೇತೋ ಇಲ್ಲೋ, ಅದ ತಿಳಿಯಂಗಿಲ್ಲ. ಉಸುರ ಆಡಲಾರದ್ದನ್ನ ನಾ ಹೆಂಗ ನಡಸ್ಲಿ?" ಅಂದರು ಅತ್ತೆ. "ಮ್ಯಾಲ ಶನಿವಾರ ಅದನ್ನ ನೀ ಒಯ್ತಿ. ಲೈಸನ್ಸ್ ತಗೊಂಡು ನಾ ಏನ್ ಪೂಜಿ ಮಾಡ್ಲ್ಯಾ?"

ಆಟೊಮ್ಯಾಟಿಕ್ ಗಾಡಿಯಲ್ಲಿ ಟೆಸ್ಟ್ ಪಾಸಾದರೆ ಆಮೇಲೆ ಗೇರಿನ ಗಾಡಿಯನ್ನು ಒಬ್ಬರೇ ಓಡಿಸುವಂತಿರಲಿಲ್ಲ. ಅಂದರೆ ಅತ್ತೆ ಒಬ್ಬರೇ ಹಾಲ್‌ಗೆ ಹೋಗಬೇಕಾದರೆ ಇದ್ದದ್ದು ನನ್ನ ಕಾರೊಂದೇ. ಅದು ಮೆತ್ತಗಿದ್ದರೆ ಅವರಿಗೆ ಲೈಸನ್ಸು, ಚುರುಕಾದರೆ ನನಗೆ ಸುಖ. ಮರುದಿನ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಬರೀ ಕ್ಲಚ್ ಹಾಕಿ, ಹಳೆಯ ಚಕ್ರವೇ ಇರಲಿ ಅಂದೆ.

ಒಳ್ಳೆಯ ಸೊಸೆ ಅನ್ನಿಸಿಕೊಂಡ ತೃಪ್ತಿ ಸಿಗಬೇಕಿತ್ತು. ಸಿಗಲಿಲ್ಲ, ಸಿಟ್ಟು ಬಂತು. ಮನೆ, ಅಡಿಗೆ, ರಜೆ, ಟೀವಿಯ ರಿಮೋಟು, ಎಲ್ಲ ಹಂಚಿಕೊಂಡಾಗಿತ್ತು. ಈ ಕಾರೊಂದು ನನ್ನದಾಗಿ ಉಳಿದಿತ್ತಲ್ಲ ಅನ್ನಿಸಿತು. ಸಿಂಕಿನ ಮುಂದೆ ನಿಂತು ಧಡಧಡ ಸದ್ದು ಮಾಡುತ್ತ ಪಾತ್ರೆ ತೊಳೆದೆ.

"ಏ ಹುಡುಗಿ, ಆ ಪಾತ್ರಿ ಏನ್ ಪಾಪ ಮಾಡ್ಯಾವು?" ಅತ್ತೆ ಹಿಂದೆ ಬಂದು ನಿಂತಿದ್ದರು. "ಹೌದು-ಅಲ್ಲ, ಎರಡರಾಗ ಒಂದ್ ಹೇಳು. ಆ ಹಗುರ ಗಾಲಿ ನಿನಗ ಬೇಕೇನು?"

"ಬೇಕ್ರಿ ಅತ್ತಿ."

"ಮತ್ತ ಬ್ಯಾಡ ಅಂತ ಯಾಕ ಹೇಳಿದಿ?"

"ನಿಮ್ಮ ಟೆಸ್ಟ್ ಐತಲ್ರಿ."

"ನಂಗ ಆಗಂಗಿಲ್ಲ ಅಂತ ನಿಂಗ ಯಾರ್ ಹೇಳ್ಯಾರ? ನನ್ನ ಕೇಳಿದ್ಯೇನು?"

ಕೇಳಿರಲಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ.

ಮೆಕ್ಯಾನಿಕ್‌ನ ಸ್ವಂತ ಗಾಡಿಯಲ್ಲಿ ಹಗುರ ಚಕ್ರವಿತ್ತು. ಅದನ್ನು ಒಮ್ಮೆ ಓಡಿಸಿ ನೋಡುತ್ತೇನೆಂದು ಅತ್ತೆ ನನ್ನಿಂದ ಫೋನ್ ಮಾಡಿಸಿದರು. ಮರುದಿನ ಸಂಜೆ ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ಅದನ್ನು ಅತ್ತೆಗೆ ಬಿಟ್ಟುಕೊಟ್ಟರು. ಅತ್ತೆ ಸೀರೆಯ ನೆರಿಗೆ ಸರಿಪಡಿಸಿ, ಸೀಟನ್ನು ಮುಂದಕ್ಕೆಳೆದು ಕೂತರು. ಸಾವಧಾನ್! ವಿಶ್ರಾಮ್! ಕಾರು ಒಂದು ಗೇಣು ಜಿಗಿದು ಸತ್ತಿತು. ಮತ್ತೆ ಸಾವಧಾನ್, ಮತ್ತೆ ವಿಶ್ರಾಮ್, ಮತ್ತೆ ಅದೇ ಕಥೆ. ಹಳೆಯ ಕಾರಿನ ಭಾರದ ಚಕ್ರ ಅವರ ಈ 'ವಿಶ್ರಾಮ್' ಅನ್ನು ಇಷ್ಟು ದಿನ ಹೇಗೋ ಸಹಿಸಿಕೊಂಡಿತ್ತು, ಇದು ಸಹಿಸಲು ತಯಾರಿರಲಿಲ್ಲ. ಮೆಕ್ಯಾನಿಕ್ ಚಹಾ ಹಿಡಿದು ನೋಡುತ್ತಿದ್ದರು. ಸಾಕು ಇಳಿಯಿರಿ ಅತ್ತೆ ಅನ್ನಲು ನಾನು ಎರಡು ಹೆಜ್ಜೆ ಮುಂದಿಟ್ಟೆ.

ಅತ್ತೆ ಕೈಯೆತ್ತಿ ನನ್ನನ್ನು ತಡೆದರು. ತೊಡೆಯ ಮೇಲೆ ಕೈಯಿಂದ ಎರಡು ಸಲ ತಾಳ ಹಾಕಿದರು. ಮತ್ತೆ ಚಾಲೂ ಮಾಡಿದರು. ಈ ಸಲ ಸಾವಧಾನ್ ಆದ ಮೇಲೆ ಹೊಸದೊಂದು ಅಪ್ಪಣೆ ಬಂತು: "ಕದಂ ತಾಲ್!"

ಶಾಲೆಯಲ್ಲಿ ಕವಾಯತು ಮಾಡಿದವರಿಗೆಲ್ಲ ಗೊತ್ತು. ನೆಟ್ಟಗೆ ನಿಂತವರು ಒಮ್ಮೆಗೇ ಮುಂದೆ ನಡೆಯಬೇಕಾಗಿಲ್ಲ. ನಿಂತಲ್ಲೇ ಕಾಲು ಕುಣಿಸಿ ಲಯ ಹಿಡಿಯುತ್ತಾರೆ, ಆಮೇಲೆ ಸಾಲು ಒಟ್ಟಾಗಿ ಹೊರಡುತ್ತದೆ. ಅತ್ತೆಯ ಬಲಗಾಲು ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿತು. ಎಂಜಿನ್ ಎದ್ದು ಒಂದೇ ಸಮನೆ ಗುನುಗತೊಡಗಿತು. ಅದು ಹದಕ್ಕೆ ಬಂದ ಮೇಲೆ, "ತೇಜ್ ಚಲ್!" ಎಂದು ಕ್ಲಚ್ ಬಿಟ್ಟರು.

ಕಾರು ಹೊರಟಿತು. ಹೊರಟಿತು ಅಂದರೆ ಸಾಲದು, ಹಾರಿತು. ಹಳೆಯ ಟಯರುಗಳ ರಾಶಿಯನ್ನು ಸುತ್ತಿ, ನಮ್ಮ ಮುಂದೆ ಹಾದು, ಮತ್ತೊಂದು ಸುತ್ತಿಗೆ ನಡೆಯಿತು. ಕಿಟಕಿಯಿಂದ ಅತ್ತೆಯ ನಗು ಕೇಳಿತು. ಅವರು ನಗುವುದನ್ನು ನೋಡಿದ್ದೆ, ಹೀಗೆ ಹುಡುಗಿಯಂತೆ ಕೇಕೆ ಹಾಕಿದ್ದನ್ನು ಅದುವರೆಗೆ ಕೇಳಿರಲಿಲ್ಲ. ನನಗೂ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು.

"ಇದು ಕರದ ಕೂಡ್ಲೇ ಏಳತೈತಿ!" ಇಳಿದು ಬಂದವರೇ ಹೇಳಿದರು. "ನಿನ್ನ ಹಳೇದು ನನ್ನ ಹತ್ತನೇತ್ತೆ ಹುಡುಗ್ಯಾರಂಗ. ಹತ್ತು ಸಲ ಕರದ್ರ ಒಮ್ಮೆ ಹೊಳ್ಳಿ ನೋಡತಿತ್ತು. ಇದನ್ನ ಹಾಕ್ಸು."

ಹಾಕಿಸಿದೆವು. ಟೆಸ್ಟ್ ಮುಗಿಯುವವರೆಗೂ ಸ್ಟೀರಿಂಗ್ ಅತ್ತೆಯ ಕೈಯಲ್ಲೇ, ನಾನು ಡ್ಯೂಟಿಗೆ ಬಸ್ಸಿನಲ್ಲಿ ಹೋದೆ. ಹೊಸ ಕ್ಲಚ್ಚಿನ ಪೆಡಲ್ ಎಷ್ಟು ಮೆದುವಾಗಿತ್ತೆಂದರೆ ಅತ್ತೆಯ ಮೊಣಕಾಲು ನೋವಿನ ದೂರೂ ನಿಂತಿತು. ಟೆಸ್ಟಿನ ದಿನ ಪಕ್ಕದಲ್ಲಿ ಕೂತ ಪರೀಕ್ಷಕಿ, ಪ್ರತಿ ಸಿಗ್ನಲಿನಲ್ಲೂ ಅದೇನು ಹೇಳಿಕೊಳ್ಳುತ್ತೀರಿ, ಪ್ರಾರ್ಥನೆಯೇ ಎಂದು ಕೇಳಿದರಂತೆ. ಎಂಜಿನ್ನಿಗೆ ಹೇಳುತ್ತಿದ್ದೇನೆ, ನಿಮಗಲ್ಲ ಎಂದು ಅತ್ತೆ ಉತ್ತರ ಕೊಟ್ಟು ಪಾಸಾಗಿ ಬಂದರು. ಮುಂದಿನ ಶನಿವಾರ ನನಗೆ ರಜೆಯಿತ್ತು, ಜೊತೆಗೆ ಬರಲೇ ಎಂದು ಕೇಳಿದೆ. ಬ್ಯಾಡ ಅಂದರು. ಗೇಟಿನಲ್ಲಿ ನಿಂತು ನೋಡಿದೆ. ಮೂಲೆಯ ವೃತ್ತದಲ್ಲಿ ಕಾರು ನಿಂತಿತು, ಎಂಜಿನ್ ಒಂದಿಷ್ಟು ಎದ್ದಿತು, ಆಮೇಲೆ ನನ್ನ ಕೆಂಪು ಕಾರು ನನ್ನನ್ನು ಬಿಟ್ಟು ಸಲೀಸಾಗಿ ಮರೆಯಾಯಿತು.

ಭಾನುವಾರ ನನ್ನ ಸರದಿ. ತರಕಾರಿಗೆಂದು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಯಾಂಡ್ರಿಂಗಮ್ಮಿಗೆ ಹೊರಟೆ. ಎಷ್ಟೋ ವರ್ಷದ ಆಸೆ ಕಾಲಡಿಯಲ್ಲಿತ್ತು. ಏರಿನ ಸಿಗ್ನಲಿನಲ್ಲಿ ಎಂದಿನಂತೆ ಠೀವಿಯಿಂದ ಹಾಫ್ ಕ್ಲಚ್ ಹಿಡಿದು ನಿಂತೆ. ಹಸಿರು ದೀಪ ಬಂದಿತು, ಕಾರು ಗಕ್ಕನೆ ಸತ್ತಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ಸತ್ತಿತು. ಹಿಂದೆ ಒಂದು ಯೂಟ್, ಅಂದರೆ ಇಲ್ಲಿಯ ಪಿಕಪ್ ಗಾಡಿ, ಹಾರ್ನ್ ಹೊಡೆಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಎರಡೂ ಅತ್ತೆಯವೇ ಇರಬೇಕು. ಅವರು ಅವಸರವಿಲ್ಲದೆ ಕೈಚೀಲದಿಂದ ಸೀಟಿ ತೆಗೆದು ಒಮ್ಮೆ ಊದಿದರು.

"ಹ್ಯಾಂಡ್ ಬ್ರೇಕ್ ಹಾಕು. ಬಾಯಿ ಬಿಟ್ಟು ಹೇಳು."

"ಸಾವಧಾನ್," ಅಂದೆ.

"ಕೇಳಸಲಿಲ್ಲ!"

"ಸಾವಧಾನ್! ಕದಂ ತಾಲ್!" ಎಂದು ಕಿಟಕಿ ತೆರೆದೇ ಕೂಗಿದೆ. ಎಂಜಿನ್ ಎದ್ದು ನಿಂತಿತು. "ತೇಜ್ ಚಲ್" ಮಾತ್ರ ನಾವಿಬ್ಬರೂ ಒಟ್ಟಿಗೆ ಹೇಳಿದೆವು.