ಮುದಿ ಕರಡಿ ಗವಿ ಸೇರಿತು

ನಮ್ಮನೆಯವರು ಮೂವತ್ತನಾಲ್ಕು ವರ್ಷ ಒಂದೇ ಪ್ರೆಸ್ಸಿನಲ್ಲಿ ಕರಡು ತಿದ್ದಿದರು. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಹಾಳೆಯೂ ಅವರ ಕಣ್ಣ ಕೆಳಗೆ ಹಾದುಹೋಗಬೇಕು. ಕರಡು ತಿದ್ದುವವರಾದ್ದರಿಂದ ಅಲ್ಲಿಯವರು ಬೆನ್ನ ಹಿಂದೆ ಅವರನ್ನು ‘ಕರಡಿ’ ಎನ್ನುತ್ತಿದ್ದರು. ಮೈಮೇಲಿನ ಕೂದಲೂ ಆ ಹೆಸರಿಗೆ ಮೋಸ ಮಾಡಿರಲಿಲ್ಲ. ಅದು ಇವರಿಗೂ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು.

ಅಂಗಡಿಯ ಬೋರ್ಡಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದ್ದರೆ ಆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನು ತವರಿಗೆ ಬರೆದ ಕಾಗದವನ್ನು ಕೆಂಪು ಇಂಕಿನಲ್ಲಿ ತಿದ್ದಿ, ಹಾಗೆಯೇ ಟಪಾಲು ಡಬ್ಬಿಗೆ ಹಾಕಿ ಬಂದ ಮಹಾನುಭಾವರು. ಮಗಳಿಗೆ ಏನಾಯಿತೋ ಎಂದು ಗಾಬರಿಯಾಗಿ ನಮ್ಮಮ್ಮ ಅಣ್ಣನನ್ನು ನಮ್ಮಲ್ಲಿಗೆ ಓಡಿಸಿದ್ದಳು.

ಎರಡು ವರ್ಷದ ಹಿಂದೆ ಅವರ ಕಣ್ಣು ಮಂಜಾಯಿತು. ಇದು ಪೊರೆಯಲ್ಲ, ಒಳಗಿನ ನರದ ತೊಂದರೆ, ಹೋದ ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. ಹೊರಗೆ ಬಂದವರೇ ಇವರು, “ಪ್ರೆಸ್ಸಲ್ಲಿ ಯಾರಿಗೂ ಗೊತ್ತಾಗ್ಬಾರ್ದು. ಗೊತ್ತಾದ ದಿನವೇ ನನ್ನನ್ನ ಮನೆಗೆ ಕಳಿಸ್ತಾರೆ” ಅಂದರು. ಮಷೀನಿನ ಗದ್ದಲದಲ್ಲಿ ಓದಲಾಗದೆಂದು ನೆಪ ಹೇಳಿ ಹಾಳೆಗಳನ್ನು ಮನೆಗೆ ತರತೊಡಗಿದರು. ಬೆಳಿಗ್ಗೆ ಒಲೆ ಆರಿಸಿ ನಾನು ಓದಬೇಕು, ಅವರು ಕೇಳಬೇಕು. ತಪ್ಪು ಕಂಡಲ್ಲಿ ಅವರು ಹೇಳಿದಂತೆ ಗುರುತು ಹಾಕುವವಳೂ ನಾನೇ. ಆರು ತಿಂಗಳಾಗುವಷ್ಟರಲ್ಲಿ ಅವರು ಹೇಳುವ ಮುಂಚೆಯೇ ನನ್ನ ಕೈ ಓಡುತ್ತಿತ್ತು.

ಕಣ್ಣು ಮಂಜಾದಷ್ಟೂ ಅನುಮಾನ ಚುರುಕಾಯಿತು. ಪ್ರೆಸ್ಸಿನ ಮಾಲೀಕರು ಇವರ ಮೇಜಿಗೆ ಹೊಸ ದೀಪ ಹಾಕಿಸಿದರೆ, “ನನ್ನ ಮೇಜಿಗೇ ಯಾಕೆ?” ಪುಸ್ತಕ ಹೊಲಿಯುವವನು ಚೆನ್ನಾಗಿದ್ದೀರಾ ಅಂದರೆ, “ಇಷ್ಟು ವರ್ಷ ಕೇಳದವನು ಇವತ್ಯಾಕೆ ಕೇಳ್ದ?” ನಮ್ಮಣ್ಣ ಬಂದು, “ಭಾವ, ಇನ್ನೆಷ್ಟು ದಿನ?” ಅಂದದ್ದಕ್ಕೆ ಎರಡು ದಿನ ಮಾತು ಬಿಟ್ಟರು. ಪಾಪ, ಅವನು ಕೇಳಿದ್ದು ನಾವು ತಂದಿಟ್ಟುಕೊಂಡಿದ್ದ ಅವನ ಏಣಿಯ ವಿಷಯ. ನಾನು ಪಕ್ಕದ ಮನೆಯವಳ ಜೊತೆ ನಾಲ್ಕು ಮಾತಾಡಿದರೂ ಕಿಟಕಿಯ ಹತ್ತಿರ ಬಂದು ಕೆಮ್ಮುತ್ತಿದ್ದರು.

ಹೀಗಿರುವಾಗ ಬಂತು ಆ ಪುಸ್ತಕ. ಇಂಗ್ಲಿಷ್ ಕ್ರಿಯಾಪದಗಳನ್ನು ಎಲ್ಲೆಲ್ಲಿ ಹೇಗೆ ಬಳಸಬೇಕೆಂದು ಶಾಲೆಯ ಮಕ್ಕಳಿಗೆ ಹೇಳಿಕೊಡುವಂಥದ್ದು. ಆವತ್ತಿನ ಹಾಳೆಯಲ್ಲಿ ‘ರಿಟೈರ್’ ಇತ್ತು. ಒಂದೊಂದು ಅರ್ಥಕ್ಕೂ ಒಂದೊಂದು ವಾಕ್ಯ, ಪಕ್ಕದಲ್ಲಿ ಅದರ ಕನ್ನಡ. ಮಾಸ್ತರರು ಅರವತ್ತಕ್ಕೆ ನಿವೃತ್ತರಾದರು. ಸೈನ್ಯ ಹಿಂದೆ ಸರಿಯಿತು. ಅಜ್ಜಿ ಬೇಗನೆ ಮಲಗಲು ಹೋದಳು. ಮುದಿ ಕರಡಿ ಗವಿ ಸೇರಿತು.

“ಇನ್ನೊಂದ್ಸಲ ಓದು” ಅಂದರು.

“ಮುದಿ ಕರಡಿ ಗವಿ ಸೇರಿತು.”

“ಇದು ನನಗೇ ಬರೆದಿರೋದು.”

ನನಗೆ ನಗು ಬಂತು. ನಗಬಾರದಿತ್ತು. “ಮಕ್ಕಳ ಪಾಠಕ್ಕೆ ಒಂದು ಕರಡಿ ಬಂದ್ರೆ ನಿಮ್ಮ ಗಂಟೇನು ಹೋಯ್ತು?” ಅಂದೆ.

“ನಗು, ನಗು. ಕಣ್ಣಿನ ವಿಷ್ಯ ಗೊತ್ತಿರೋದು ಇಬ್ಬರಿಗೆ. ಡಾಕ್ಟರಿಗೆ, ನಿನಗೆ. ಡಾಕ್ಟರು ಪ್ರೆಸ್ ಕಡೆ ತಲೆ ಹಾಕಿಲ್ಲ.”

ಎರಡು ವರ್ಷ ಗಂಟಲು ಹರಿದುಕೊಂಡು ಓದಿದವಳಿಗೆ ಸಿಕ್ಕ ಬಹುಮಾನ ಇದು. “ಹಾಗಾದ್ರೆ ನಡೀರಿ, ಮಾಲೀಕರ ಬಾಯಿಂದಲೇ ಕೇಳೋಣ” ಎಂದು ಚಪ್ಪಲಿ ಮೆಟ್ಟಿದೆ.

ಮಾಲೀಕರು ಕಾಗದದ ರಾಶಿಗಳ ನಡುವೆ ಕೂತಿದ್ದರು. ಇವರು ಹಾಳೆಯನ್ನು ಅವರ ಮುಂದೆ ಹಾಕಿ, “ಹೇಳೋದಿದ್ರೆ ಮುಖಕ್ಕೆ ಹೇಳಿ. ಮಕ್ಕಳ ಪುಸ್ತಕದಲ್ಲಿ ಯಾಕೆ ಹೇಳಿಸ್ತೀರಿ?” ಅಂದರು.

ಮಾಲೀಕರು ಓದಿದರು, ಮತ್ತೊಮ್ಮೆ ಓದಿದರು. ಡ್ರಾಯರಿನಿಂದ ಮೂಲ ಹಸ್ತಪ್ರತಿ ತೆಗೆದರು. “ಬರೆದವರೇ ಕೈಯಾರೆ ಬರೆದು ಕಳಿಸಿದ್ದು ಸಾರ್. ಅವರಿಗೆ ನೀವು ಯಾರು ಅಂತಲೂ ಗೊತ್ತಿಲ್ಲ.”

ಅಲ್ಲಿಗೆ ಮುಗಿಯಬೇಕಿತ್ತು. ನಮ್ಮ ಪುಣ್ಯಾತ್ಮರು ಬಿಡಬೇಕಲ್ಲ. “ಹಾಗಾದ್ರೆ ನನ್ನ ಕಣ್ಣು ಹೋಗಿದೆ ಅಂತ ನಿಮಗೆ ಹೇಳಿದ್ಯಾರು?” ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದೇ ಇರಲಿಲ್ಲ. ನಾನು ಅವರ ತೋಳು ಹಿಡಿದು ಎಳೆಯುವಷ್ಟರಲ್ಲಿ ಮಾತು ಬಾಯಿ ಬಿಟ್ಟು ಹೋಗಿತ್ತು.

“ಯಾವ ಕಣ್ಣು ಸಾರ್?” ಅಂದರು ಮಾಲೀಕರು. ಆಮೇಲೆ ಮೆಲ್ಲಗೆ ಹಸ್ತಪ್ರತಿಯನ್ನು ಮುಂದೆ ಚಾಚಿ, “ಮೇಲಿನ ಸಾಲು ಸ್ವಲ್ಪ ಓದ್ತೀರಾ?”

ಇವರು ಹತ್ತಿರ ಹಿಡಿದರು, ದೂರ ಹಿಡಿದರು. ಕೊನೆಗೆ ನನ್ನ ಕೈಗೆ ಕೊಟ್ಟರು. ನಾನು ಓದಿದೆ. ಓದಿ ಸುಮ್ಮನಿರಬಾರದೆ, ಅಭ್ಯಾಸಬಲ ನೋಡಿ, “ಇಲ್ಲೊಂದು ಮಹಾಪ್ರಾಣ ತಪ್ಪಿದೆ” ಎಂದೂ ಸೇರಿಸಿದೆ. ನನ್ನ ನಾಲಿಗೆಗೆ ಬರೆ ಹಾಕಬೇಕಿತ್ತು.

ಮಾಲೀಕರು ಹಸ್ತಪ್ರತಿಯನ್ನು ಡ್ರಾಯರಿಗೆ ಹಾಕಿದರು. “ಇಷ್ಟು ವರ್ಷ ದುಡಿದ್ರಿ ಸಾರ್. ಇನ್ನು ಆರಾಮಾಗಿ ಮನೇಲಿರಿ” ಅಂದರು. ಆಮೇಲೆ ನನ್ನ ಕಡೆ ತಿರುಗಿದರು. “ಪುಸ್ತಕ ಅರ್ಧಕ್ಕೆ ನಿಂತಿದೆ ಅಮ್ಮ. ನಾಳೆಯಿಂದ ನೀವೇ ಬಂದು ಅವರ ಕುರ್ಚಿಲಿ ಕೂತ್ಕೊಳ್ಳಿ.”

“ಆಗಲಿ” ಅಂದೆ. ಇವರ ಮುಖ ನೋಡಲಿಲ್ಲ, ಒಂದು ಮಾತು ಕೇಳಲೂ ಇಲ್ಲ.

ದಾರಿಯಲ್ಲಿ ನನ್ನ ಮೊಣಕೈ ಹಿಡಿದು ನಡೆದರು. ಆಮೇಲೆ, “ನೀನು ಯಾರಿಗೂ ಹೇಳಿಲ್ಲ. ನಿನ್ನ ಮೇಲೆ ಅನುಮಾನ ಪಟ್ಟಿದ್ದು ನನ್ನ ತಪ್ಪು, ಒಪ್ಕೋತೀನಿ” ಅಂದರು. ಸ್ವಲ್ಪ ಮುಂದೆ ಹೋಗಿ ನಿಂತರು. “ಆದ್ರೆ ಒಂದು ಹೇಳು. ಆ ಕುರ್ಚಿ ಮೇಲೆ ನಿನಗೆ ಯಾವತ್ತಿಂದ ಕಣ್ಣಿತ್ತು?”

ಎರಡು ವರ್ಷದಲ್ಲಿ ಅವರ ಒಂದು ಅನುಮಾನಕ್ಕೂ ನಾನು ಬಾಯಿ ಮುಚ್ಚಿಕೊಂಡು ಕೂತವಳಲ್ಲ. ಇಲ್ಲ ಎನ್ನಬೇಕೆಂದು ಈಗಲೂ ಬಾಯಿ ತೆರೆದೆ. ಅದು ಸುಳ್ಳಾಗುತ್ತಿತ್ತು.